ಟೆಕ್ಸಾಸಿನ ಅಪ್ಪನ ರಿವಾಲ್ವರನ್ನು ಕ್ಯಾಲಿಫೋರ್ನಿಯಾದ ಮಗ ಕೈಯಾರೆ ಪಡೆಯಬಹುದೇ?

ಪ್ರಶ್ನೆ (ಸ್ಯಾನ್ ಹೋಸೆಯಿಂದ)

ನಮ್ಮ ತಂದೆಯವರು ಹ್ಯೂಸ್ಟನ್ನಿನಲ್ಲಿ ಬಹಳ ವರ್ಷ ದಿನಸಿ ಅಂಗಡಿ ನಡೆಸಿದವರು. ಅಂಗಡಿಯ ಭದ್ರತೆಗೆಂದು ಆಗ ಅಲ್ಲಿಯೇ ಕೊಂಡ .38 ಸ್ಪೆಷಲ್ ರಿವಾಲ್ವರ್ ಒಂದು ಇಂದಿಗೂ ಅವರ ಬಳಿ ಇದೆ. ಈಗ ಅಂಗಡಿ ಮಾರಿಯಾಗಿದೆ. ಇನ್ನು ಮುಂದೆ ವರ್ಷದಲ್ಲಿ ಅರ್ಧ ಕಾಲ ಮೈಸೂರಿನಲ್ಲಿ ಇರುವ ಯೋಚನೆಯಿರುವುದರಿಂದ, ಬೀಗ ಹಾಕಿದ ಮನೆಯಲ್ಲಿ ರಿವಾಲ್ವರನ್ನು ಬಿಟ್ಟುಹೋಗಲು ಅವರಿಗೆ ಮನಸ್ಸಿಲ್ಲ. ದೀಪಾವಳಿಗೆ ಕಾರಿನಲ್ಲಿ ಬರುವಾಗ ಜೊತೆಗೆ ತಂದು ನನಗೆ ಕೊಟ್ಟುಬಿಡುತ್ತೇನೆ ಎನ್ನುತ್ತಿದ್ದಾರೆ. ನಾವಿಬ್ಬರೂ ಅಮೆರಿಕದ ಪೌರರು; ಇಬ್ಬರ ಮೇಲೂ ಯಾವ ಮೊಕದ್ದಮೆಯೂ ಇಲ್ಲ. ಹಣದ ಮಾತೇ ಇಲ್ಲದೆ ತಂದೆ ಮಗನಿಗೆ ಕೊಡುವ ಉಡುಗೊರೆಗೆ ನೋಟರಿ ಮಾಡಿಸಿದ ಒಂದು ಪತ್ರ ಸಾಲದೇ? ಎಚ್-1ಬಿ ವೀಸಾದಲ್ಲಿರುವ ನನ್ನ ಚಿಕ್ಕಪ್ಪನ ಮಗನೂ ಸದ್ಯ ನಮ್ಮ ಮನೆಯಲ್ಲಿಯೇ ಇದ್ದಾನೆ. ಅದರಿಂದ ಏನಾದರೂ ತೊಡಕಾಗುವುದೇ?

ಉತ್ತರ (ಸ್ಯಾಕ್ರಮೆಂಟೊದಿಂದ)

ಸಾಲದು. ನೋಟರಿಯ ಮುದ್ರೆಗೆ ಇಲ್ಲಿ ಬೆಲೆಯೇ ಇಲ್ಲ. 1968ರ ಗನ್ ಕಂಟ್ರೋಲ್ ಕಾಯಿದೆಯ ಪ್ರಕಾರ, ವ್ಯಾಪಾರಿ ಪರವಾನಗಿ ಇಲ್ಲದ ಒಬ್ಬ ವ್ಯಕ್ತಿ ಬೇರೆ ರಾಜ್ಯದಲ್ಲಿ ನೆಲೆಸಿರುವ, ಅಂಥದೇ ಪರವಾನಗಿ ಇಲ್ಲದ ಇನ್ನೊಬ್ಬನಿಗೆ ಬಂದೂಕನ್ನು ಮಾರುವಂತಿಲ್ಲ, ಉಡುಗೊರೆಯಾಗಿಯೂ ಕೊಡುವಂತಿಲ್ಲ. ಪಡೆದವನು ಅದನ್ನು ತನ್ನ ರಾಜ್ಯಕ್ಕೆ ತರುವಂತೆಯೂ ಇಲ್ಲ. ಅಂದರೆ ಕೊಡುವ ತಂದೆಯವರೂ ಪಡೆಯುವ ತಾವೂ ಬೇರೆಬೇರೆಯಾಗಿ ಹೊಣೆಗಾರರಾಗುತ್ತೀರಿ, ಮತ್ತು ತಿಳಿದೂ ಮಾಡಿದರೆ ಶಿಕ್ಷೆ 5 ವರ್ಷದ ಸೆರೆವಾಸದವರೆಗೆ ಇದೆ. ತಂದೆ, ಮಗ, ಅಣ್ಣ, ತಮ್ಮ ಎಂಬ ಸಂಬಂಧಕ್ಕೆ ಫೆಡರಲ್ ಕಾನೂನು ಇಲ್ಲಿ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. ಬೇಟೆ ಅಥವಾ ಗುರಿ ಅಭ್ಯಾಸದಂತಹ ಕ್ರೀಡೆಗೆ ತಾತ್ಕಾಲಿಕವಾಗಿ ಎರವಲು ಕೊಡಬಹುದಾದರೂ, "ಮೈಸೂರಿನಿಂದ ಬರುವವರೆಗೆ ಇಟ್ಟುಕೊಂಡಿರು" ಎಂಬುದು ಅದರಲ್ಲಿ ಸೇರುವುದಿಲ್ಲ.

ಸರಿಯಾದ ದಾರಿಯೆಂದರೆ, ರಿವಾಲ್ವರ್ ಕ್ಯಾಲಿಫೋರ್ನಿಯಾದ ಒಬ್ಬ ಪರವಾನಗಿ ಪಡೆದ ಡೀಲರ್ ಕೈ ಸೇರಿ, ಅಲ್ಲಿಂದ ತಮಗೆ ಬರಬೇಕು. ಕೈಬಂದೂಕಿನ ವಿಷಯದಲ್ಲಿ ಡೀಲರ್ ಪಡೆಯುವವನ ರಾಜ್ಯದವನೇ ಆಗಿರಬೇಕು ಎಂಬುದನ್ನು ಗಮನಿಸಿ. ತಾವು ಹ್ಯೂಸ್ಟನ್ನಿಗೆ ಹೋಗಿ ಅಲ್ಲಿಯ ಅಂಗಡಿಯಲ್ಲಿ ಕಾಗದ ಮಾಡಿಸಿಕೊಂಡು ಬರಲಾಗದು. ತಮ್ಮ ಡೀಲರ್, ಬಂದೂಕು ಪಡೆಯುವವರು ತುಂಬಬೇಕಾದ ಫೆಡರಲ್ ಅರ್ಜಿಯಾದ ಫಾರ್ಮ್ 4473 ತುಂಬಿಸಿ ಬ್ಯಾಕ್‌ಗ್ರೌಂಡ್ ಚೆಕ್ ನಡೆಸುತ್ತಾನೆ. ಅದರ ಮೇಲೆ ಈ ರಾಜ್ಯದ 10 ದಿನಗಳ ಕಾಯುವಿಕೆ ಇದೆ. ತಮಗೆ 21 ತುಂಬಿರಬೇಕು, ಕೈಯಲ್ಲಿ ಫೈರ್‌ಆರ್ಮ್ ಸೇಫ್ಟಿ ಸರ್ಟಿಫಿಕೇಟ್ ಇರಬೇಕು. ಅದು 30 ಪ್ರಶ್ನೆಗಳ ಲಿಖಿತ ಪರೀಕ್ಷೆ. ಕೈಪಿಡಿಯನ್ನು ಒಂದು ಸಂಜೆ ಓದಿದರೆ ಮುಗಿಯುತ್ತದೆ.

ಕ್ಯಾಲಿಫೋರ್ನಿಯಾ ರಕ್ತಸಂಬಂಧವನ್ನು ಗಣನೆಗೆ ತೆಗೆದುಕೊಳ್ಳುವುದು ಬೇರೆ ಒಂದು ಕಡೆ. ಇಲ್ಲಿಯ ಡೀಲರ್‌ಗಳು ರಾಜ್ಯದ ಅನುಮೋದಿತ ಪಟ್ಟಿಯಲ್ಲಿರುವ, ಅಂದರೆ "ರೋಸ್ಟರ್"ನಲ್ಲಿರುವ ಕೈಬಂದೂಕುಗಳನ್ನಷ್ಟೇ ಸಾಮಾನ್ಯ ಗಿರಾಕಿಗೆ ಹೊಸದಾಗಿ ಮಾರಬಹುದು. ಹಳೆಯ ರಿವಾಲ್ವರ್ ಆ ಪಟ್ಟಿಯಲ್ಲಿ ಇಲ್ಲದಿದ್ದರೂ, ತಂದೆತಾಯಿ ಮತ್ತು ಮಕ್ಕಳ ನಡುವಿನ, ಹಾಗೆಯೇ ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳ ನಡುವಿನ ವರ್ಗಾವಣೆಗೆ ವಿನಾಯಿತಿ ಉಂಟು. ಒಡಹುಟ್ಟಿದವರಿಗೆ ಇಲ್ಲ, ಅದೇಕೋ!

ಉತ್ತರ (ಆಸ್ಟಿನ್‌ನಿಂದ)

ಮೇಲಿನ ಉತ್ತರಕ್ಕೆ ಟೆಕ್ಸಾಸಿನ ಕಡೆಯ ಸಂಗತಿಯನ್ನಷ್ಟೇ ಸೇರಿಸುತ್ತೇನೆ. ತಮ್ಮ ತಂದೆಯವರು ಹ್ಯೂಸ್ಟನ್ನಿನಲ್ಲಿರುವ ಮಗನಿಗೋ ಮಗಳಿಗೋ ಇದನ್ನು ಕೊಡುವುದಿದ್ದರೆ ಯಾವ ಫಾರ್ಮೂ ಬೇಕಿರಲಿಲ್ಲ. ಇಲ್ಲಿ ದಶಕಗಟ್ಟಲೆ ಬಾಳಿದ ಹಿರಿಯರು "ಮನೆಯೊಳಗಿನ ಸಾಮಾನು ಮನೆಯೊಳಗೇ ಹೋಗುತ್ತದೆ" ಎಂದುಕೊಳ್ಳುವುದು ಈ ಅಭ್ಯಾಸದಿಂದಲೇ. ಕೊಡಗಿನ ಕಡೆಯವರಾದರೆ ಕೋವಿಗೆ ಲೈಸೆನ್ಸಿನ ವಿನಾಯಿತಿ ಕಂಡು ಬೆಳೆದವರು. ಅವರಿಗೆ ಇದನ್ನು ಒಪ್ಪಿಸುವುದು ಇನ್ನೂ ಕಷ್ಟ.

ಸಾಗಿಸಲು ಎರಡು ದಾರಿಗಳಿವೆ. ಹ್ಯೂಸ್ಟನ್ನಿನ ಒಬ್ಬ ಡೀಲರ್‌ಗೆ ಒಪ್ಪಿಸಿದರೆ ಅವನು ಸ್ಯಾನ್ ಹೋಸೆಯ ಡೀಲರ್‌ಗೆ ಕಳಿಸುತ್ತಾನೆ. ಯುಪಿಎಸ್ ಮತ್ತು ಫೆಡೆಕ್ಸ್ ಬಂದೂಕನ್ನು ಪರವಾನಗಿದಾರರಿಂದ ಮಾತ್ರ ಸ್ವೀಕರಿಸುವುದರಿಂದ ತಂದೆಯವರು ತಾವೇ ಪಾರ್ಸೆಲ್ ಮಾಡಲಾಗದು. ಇಲ್ಲವೇ, ಅವರು ಬರುವಾಗ ಕಾರಿನಲ್ಲಿ ತಮ್ಮದೇ ರಿವಾಲ್ವರಾಗಿ ತಂದು, ಮಗನಾದ ತಮ್ಮ ಕೈಗೆ ಕೊಡದೆ ನೇರವಾಗಿ ಡೀಲರ್‌ಗೆ ಒಪ್ಪಿಸಬಹುದು. ದಾರಿಯುದ್ದಕ್ಕೂ ಗುಂಡು ತೆಗೆದಿರಬೇಕು, ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಡಿಕ್ಕಿಯಲ್ಲಿ ಇರಿಸಿರಬೇಕು. ಮುಂದಿನ ಗ್ಲವ್ ಬಾಕ್ಸಿಗೆ ಬೀಗವಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ವಿಮಾನದಲ್ಲಾದರೆ ಗಟ್ಟಿ ಪೆಟ್ಟಿಗೆಗೆ ಬೀಗ ಹಾಕಿ, ಕೌಂಟರಿನಲ್ಲಿ ಘೋಷಿಸಿ, ಚೆಕ್-ಇನ್ ಸಾಮಾನಿನಲ್ಲಿಯೇ ಕಳಿಸಬೇಕು.

ಇನ್ನೊಂದು ಮಾತು. "ಹಳೆಯದು ಬೇಡ, ನಾನೇ ಇಲ್ಲಿ ಹೊಸದು ಕೊಳ್ಳುತ್ತೇನೆ, ನೀನು ಹಣ ಕಳಿಸು" ಎಂದು ತಂದೆಯವರು ಹೇಳಿದರೆ ದಯವಿಟ್ಟು ಒಪ್ಪಬೇಡಿ. ವರ್ಜೀನಿಯಾದ ಮಾಜಿ ಪೊಲೀಸ್ ಅಬ್ರಾಮ್‌ಸ್ಕಿ ಎಂಬವರು ಪೆನ್ಸಿಲ್ವೇನಿಯಾದಲ್ಲಿದ್ದ ತಮ್ಮ ಚಿಕ್ಕಪ್ಪನಿಗಾಗಿ, ಅವರಿಂದ 400 ಡಾಲರಿನ ಚೆಕ್ ಪಡೆದು, ಪಿಸ್ತೂಲು ಕೊಂಡರು. ಚಿಕ್ಕಪ್ಪನಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕಿತ್ತು. ಪಿಸ್ತೂಲು ಅವರಿಗೆ ತಲುಪಿದ್ದೂ ಪೆನ್ಸಿಲ್ವೇನಿಯಾದ ಡೀಲರ್ ಮೂಲಕವೇ. ಆದರೂ ಫಾರ್ಮ್ 4473ರಲ್ಲಿ "ನಿಜವಾದ ಖರೀದಿದಾರ ನಾನೇ" ಎಂದು ಗುರುತು ಹಾಕಿದ್ದು ಸುಳ್ಳು ಹೇಳಿಕೆ ಎಂದು ಸುಪ್ರೀಂ ಕೋರ್ಟು 2014ರಲ್ಲಿ 5-4ರ ಬಹುಮತದಿಂದ ಎತ್ತಿಹಿಡಿಯಿತು. ಆ ನಾಲ್ವರ ಭಿನ್ನಮತದಲ್ಲಿಯೇ ನ್ಯಾಯ ಹೆಚ್ಚಿದೆ ಎಂದು ನನಗೆ ಅನ್ನಿಸಿದರೂ, ನಡೆಯಬೇಕಾದದ್ದು ಬಹುಮತದ ತೀರ್ಪಿನಂತೆಯೇ. ಸ್ವಂತ ಹಣದಲ್ಲಿ ಕೊಂಡು ನಿಜವಾದ ಉಡುಗೊರೆಯಾಗಿ ಕೊಡುವುದಕ್ಕೆ ಈ ತೊಡಕಿಲ್ಲ; ಆದರೆ ಆಗಲೂ ತಮ್ಮ ರಾಜ್ಯದ ಡೀಲರ್ ತಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ತಂದೆಯವರಿಗೆ ಓದಿ ಹೇಳಿದೆ. "ಹಾಗಾದರೆ ಉಯಿಲಿನಲ್ಲಿ ಬರೆದಿಡುತ್ತೇನೆ, ನನ್ನ ನಂತರ ತೆಗೆದುಕೋ" ಎಂದರು. ಅದಕ್ಕೂ ಇದೇ ನಿಯಮವೇ? ತಂಗಿಯ ಮನೆಗೆಂದು ಅವರು ಮುಂದೆ ಇಲ್ಲಿಗೇ ಬಂದು ನೆಲೆಸುವ ಮಾತೂ ಇದೆ.

ಉತ್ತರ (ಸ್ಯಾಕ್ರಮೆಂಟೊದಿಂದ)

ಅಲ್ಲಿ ಫೆಡರಲ್ ಕಾನೂನು ಸಡಿಲವಾಗುತ್ತದೆ. ಉಯಿಲಿನಿಂದಾಗಲಿ, ಉಯಿಲಿಲ್ಲದೆ ವಾರಸುದಾರಿಕೆಯಿಂದಾಗಲಿ ಬಂದ ಬಂದೂಕನ್ನು ಡೀಲರ್ ಇಲ್ಲದೆಯೇ ರಾಜ್ಯದ ಗಡಿ ದಾಟಿಸಬಹುದು. ಕ್ಯಾಲಿಫೋರ್ನಿಯಾದ ನಿಯಮ ಮಾತ್ರ ಉಳಿಯುತ್ತದೆ: ಸೇಫ್ಟಿ ಸರ್ಟಿಫಿಕೇಟ್ ಇರಬೇಕು ಮತ್ತು 30 ದಿನಗಳೊಳಗೆ ರಾಜ್ಯದ ನ್ಯಾಯ ಇಲಾಖೆಗೆ ವರದಿ ಸಲ್ಲಿಸಬೇಕು. ಆದರೆ ಈಗಿನ ತಮ್ಮ ತೊಂದರೆ ಬೀಗ ಹಾಕಿದ ಮನೆಯದು. ಉಯಿಲು ಅದಕ್ಕೆ ಪರಿಹಾರವಲ್ಲ.

ಅವರು ಇಲ್ಲಿಗೇ ಬಂದು ನೆಲೆಸುವುದಾದರೆ ದಾರಿ ಸುಲಭ. ತಮ್ಮ ರಿವಾಲ್ವರನ್ನು ತಾವೇ ತಂದು 60 ದಿನಗಳೊಳಗೆ ಹೊಸ ನಿವಾಸಿಯಾಗಿ ವರದಿ ಮಾಡುತ್ತಾರೆ. ಆಮೇಲೆ ತಮಗೆ ಕೊಡಬೇಕೆನಿಸಿದರೆ ಒಂದೇ ರಾಜ್ಯದೊಳಗಿನ ತಂದೆ ಮಗನ ವರ್ಗಾವಣೆಯಾಗುತ್ತದೆ. ತಾವು ಸರ್ಟಿಫಿಕೇಟ್ ಪಡೆದು, 30 ದಿನಗಳೊಳಗೆ ವರದಿ ಮಾಡಿದರೆ ಸಾಕು.

ತಮ್ಮ ಚಿಕ್ಕಪ್ಪನ ಮಗನ ವಿಷಯವನ್ನು ಹಗುರವಾಗಿ ಎಣಿಸಬೇಡಿ. ಎಚ್-1ಬಿಯಂತಹ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇರುವುದು ಮೊದಲಾದ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧವಿಲ್ಲ. ನಿಷೇಧಕ್ಕೆ ಒಳಗಾದವರು ಒಂದೇ ಮನೆಯಲ್ಲಿರುವಾಗ ಬಂದೂಕನ್ನು ಬೀಗದಲ್ಲಿಡುವುದು ಈ ರಾಜ್ಯದಲ್ಲಿ ಕಡ್ಡಾಯ. ಆ ಬೀಗದ ಕೀಲಿಯಾಗಲಿ ಸಂಖ್ಯೆಯಾಗಲಿ ಅವನಿಗೆ ಸಿಗುವಂತಿರಬಾರದು, ಏಕೆಂದರೆ ಕೈಗೆಟಕುವಂತಿದ್ದರೆ ಅವನ ವಶದಲ್ಲಿದೆ ಎಂದೇ ಭಾವಿಸಲು ಅವಕಾಶವಿದೆ, ಮತ್ತು ಆಗ ಕಳೆದುಕೊಳ್ಳುವುದು ವೀಸಾ.

ಉತ್ತರ (ಫ್ರೀಮಾಂಟ್‌ನಿಂದ)

ಡೀಲರ್‌ಗೆ ಮೊದಲೇ ಫೋನು ಮಾಡಿ. ಹೊರರಾಜ್ಯದಿಂದ ಬರುವ, ರೋಸ್ಟರಿನಲ್ಲಿಲ್ಲದ ಹಳೆಯ ಕೈಬಂದೂಕನ್ನು ಸ್ವೀಕರಿಸುವುದು ಅಂಗಡಿಯವರ ಇಷ್ಟ, ಬೇಡವೆನ್ನುವವರೂ ಇದ್ದಾರೆ. ಒಪ್ಪಿದವರಲ್ಲಿ ಕೆಲವರು ತಂದೆ ಮಗ ಎನ್ನುವುದಕ್ಕೆ ದಾಖಲೆ ಕೇಳಬಹುದು. ತಮ್ಮ ಜನನ ಪತ್ರದಲ್ಲಿ ತಂದೆಯವರ ಹೆಸರು ಇನಿಷಿಯಲ್ಲಿನೊಂದಿಗೆ ಇದ್ದು, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಬಿಡಿಸಿ ಬರೆದಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ತೋರಿಸುವ ಕಾಗದವನ್ನು ಅವರು ಹ್ಯೂಸ್ಟನ್ನಿನಿಂದ ಹೊರಡುವ ಮೊದಲೇ ಜೋಡಿಸಿಕೊಳ್ಳಲಿ.