ಸೀರಿಯಲ್ ಜೋಡಿ ಅಂದ್ರೆ ನಾಯಕ–ನಾಯಕಿ ಮಾತ್ರಾನಾ? ನನಗಂತೂ ಕುಸುಮಾ–ಭಾಗ್ಯ

ಸಾಗರದ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೀರಿಯಲ್ ಮಾತು ಬಂದರೆ ಸಾಕು, ಬೆಸ್ಟ್ ಜೋಡಿ ಯಾವುದು ಅಂತ ಕೇಳುತ್ತಾರೆ. ಉತ್ತರವಾಗಿ ಬರುವುದು ಯಾವಾಗಲೂ ನಾಯಕ–ನಾಯಕಿಯ ಹೆಸರು. ಈಗಿನ ಧಾರಾವಾಹಿಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ ಜೋಡಿ ಅತ್ತೆ–ಸೊಸೆ. ಕಲರ್ಸ್ ಕನ್ನಡದ 'ಭಾಗ್ಯಲಕ್ಷ್ಮಿ'ಯಲ್ಲಿ ಪದ್ಮಜಾ ರಾವ್ ಮಾಡುವ ಕುಸುಮಾ, ಸುಷ್ಮಾ ರಾವ್ ಮಾಡುವ ಭಾಗ್ಯ.

2022ರಲ್ಲಿ ಶುರುವಾದಾಗ ಇದು ಅಕ್ಕ–ತಂಗಿಯ ಕಥೆ. ಆಮೇಲೆ ತಂಗಿಯ ಕಥೆ 'ಲಕ್ಷ್ಮೀ ಬಾರಮ್ಮ' ಅಂತ ಬೇರೆ ಸೀರಿಯಲ್ಲೇ ಆಯಿತು. ಇಲ್ಲಿ ಉಳಿದದ್ದು ಭಾಗ್ಯಳ ಮನೆ. ಗಂಡ ತಾಂಡವ್‌ಗೆ ಅವಳು ಓದಿಲ್ಲ ಅಂತ ತಾತ್ಸಾರ. ಅವಳು ಹತ್ತನೇ ಕ್ಲಾಸ್ ಮುಗಿಸಲು ದೊಡ್ಡ ಮಗಳಿರುವ ಶಾಲೆಗೇ ಹೋದಳಲ್ಲ, ಆಗ ಬೆನ್ನಿಗೆ ನಿಂತದ್ದು ಅತ್ತೆ. ಮುಂದೆ ಮಗನ ಇನ್ನೊಂದು ಸಂಬಂಧ ಬಯಲಾದಾಗಲೂ ಸೊಸೆಯ ಪಕ್ಕವೇ ನಿಂತಳು.

ನನಗೆ ಇಷ್ಟ ಆಗುವುದು ಕುಸುಮಾ ಮೆತ್ತಗಿನ ಅತ್ತೆ ಅಲ್ಲ ಅನ್ನುವುದು. ಗದರುತ್ತಾಳೆ, ಹುಕುಂ ಮಾಡುತ್ತಾಳೆ, ಮನೆ ತನ್ನ ಮಾತಿನಂತೆ ನಡೆಯಬೇಕು ಅನ್ನುತ್ತಾಳೆ. ಪ್ರೀತಿಯೂ ಅದೇ ಗದರಿಕೆಯಲ್ಲೇ ಬರುತ್ತದೆ. ಪದ್ಮಜಾ ರಾವ್ ದನಿ ಎತ್ತಿದಾಗ ಸುಷ್ಮಾ ಸುಮ್ಮನೆ ತಲೆ ತಗ್ಗಿಸಿ ನಿಲ್ಲುವುದಿಲ್ಲ. ಅತ್ತೆಯ ಮುಖ ನೋಡುತ್ತಾ, ಈ ಬೈಗುಳದ ಹಿಂದೆ ಏನಿದೆ ಅಂತ ಹುಡುಕುತ್ತಿರುವ ಹಾಗೆ ನಿಲ್ಲುತ್ತಾರೆ. ಹಳೆಯ 'ಗುಪ್ತಗಾಮಿನಿ' ಸೀರಿಯಲ್ ಕಾಲದಿಂದ ಸುಷ್ಮಾ ಅವರನ್ನು ನೋಡಿದವಳು ನಾನು. ಆಗಿನದಕ್ಕಿಂತ ಈಗಿನ ಮೌನ ಎಷ್ಟೋ ಗಟ್ಟಿಯಾಗಿದೆ.

ನಮ್ಮನೆಯಲ್ಲಿ ಅತ್ತೆಯೂ ನಾನೂ ಇದನ್ನು ಒಟ್ಟಿಗೆ ನೋಡುತ್ತೇವೆ. ಅವರು ಬೇರೆ ಸೀರಿಯಲ್ ನೋಡುವಾಗ ಹೂ ಕಟ್ಟುತ್ತಾರೆ, ಅವರೆಕಾಳು ಬಿಡಿಸುತ್ತಾರೆ. ಕುಸುಮಾ ಬಂದರೆ ಕೈ ನಿಲ್ಲುತ್ತದೆ. ಬೇಜಾರು ಅಂದರೆ, ಕಥೆ ಭಾಗ್ಯಳಿಗೆ ಒಂದರ ಮೇಲೊಂದು ಕಷ್ಟ ತರುತ್ತಾ ಹೋದಂತೆ ಇವರಿಬ್ಬರೇ ಕೂತು ಮಾತಾಡುವ ಸೀನ್ ಕಡಿಮೆ ಆಯಿತು ಅನ್ನಿಸುತ್ತದೆ.

ನಿಮ್ಮನ್ನು ಹೀಗೆ ಹಿಡಿದಿಟ್ಟ ಸಂಬಂಧ ಯಾವುದು? ಪ್ರೀತಿಯ ಜೋಡಿ ಬಿಟ್ಟು ಹೇಳಿ. ನಟನೆಯಲ್ಲಿ ಏನು ಇಷ್ಟ ಆಯಿತು ಅಂತಲೂ ಬರೆಯಿರಿ.

---

ಮಂಡ್ಯದ್ ಮಾತು

ಅಕ್ಕಾ, ನನ್ನ ಓಟು 'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನ ತಾಯಿ–ಮಗ ಬಂಗಾರಮ್ಮ–ಕಂಠಿಗೆ. ಎಲ್ಲರೂ ಉಮಾಶ್ರೀ ಅವರನ್ನು ಹೊಗಳುತ್ತಾರೆ. ಹೊಗಳಲೇಬೇಕು. 'ಒಡಲಾಳ' ನಾಟಕದ ಸಾಕವ್ವ, 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ, ಅಷ್ಟೆಲ್ಲ ಮಾಡಿದವರು ಮೆಸ್ ನಡೆಸುವ ಪುಟ್ಟಕ್ಕನಾಗಿ ದಿನಾ ನಮ್ಮ ಮನೆಗೆ ಬಂದರು. ಆದರೆ ನಾನು ಕಾಯುತ್ತಿದ್ದದ್ದು ಮಂಜುಭಾಷಿಣಿ ಅವರಿಗೆ.

'ಸಿಲ್ಲಿ ಲಲ್ಲಿ'ಯ ಸಮಾಜ ಸೇವಕಿ ಲಲಿತಾಂಬನಾಗಿ ನಮ್ಮನ್ನು ನಗಿಸಿದವರು ಇವರೇ. ಇಲ್ಲಿ ಬಡ್ಡಿ ಬಂಗಾರಮ್ಮ. ಊರೆಲ್ಲ ಹೆದರುವ ಹೆಂಗಸು ಮಗನ ಮುಂದೆ ಮಾತ್ರ ಕರಗುತ್ತಾಳೆ. ಲಲಿತಾಂಬ ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದಳು. ಬಂಗಾರಮ್ಮ ಮಾತು ಆಡಿ ನಿಲ್ಲಿಸುತ್ತಾಳೆ, ಎದುರಿನವರು ಬೆವರುವವರೆಗೆ ಕಾಯುತ್ತಾಳೆ. ಕಾಮಿಡಿ ಮಾಡಿದವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುತ್ತದೆ, ಅದು ಇಲ್ಲಿ ಉಪಯೋಗಕ್ಕೆ ಬಂತು.

ಕಂಠಿ ಮಾಡಿದ ಧನುಷ್ ಅವ್ವನ ಮುಂದೆ ಒಂಥರಾ, ತಾನು ಪ್ರೀತಿಸುವ ಪುಟ್ಟಕ್ಕನ ಮಗಳು ಸ್ನೇಹಾಳ ಮುಂದೆ ಇನ್ನೊಂಥರಾ ನಿಲ್ಲುತ್ತಿದ್ದರು. ತಾನು ಬಂಗಾರಮ್ಮನ ಮಗ ಅಂತ ಸ್ನೇಹಾಳಿಂದ ಮುಚ್ಚಿಟ್ಟ ಎಪಿಸೋಡ್‌ಗಳನ್ನು ಮತ್ತೆ ನೋಡಿ. ಅವ್ವನ ಹೆಸರು ಬಂದ ಕೂಡಲೇ ಅವನ ಭುಜ ಇಳಿಯುತ್ತದೆ. ನಮ್ಮ ಕಡೆಯ ಭಾಷೆಯನ್ನು ನಗಿಸೋಕೆ ಅಂತಲ್ಲದೆ, ಸಿಟ್ಟಿಗೂ ಅಳುವಿಗೂ ಬಳಸಿದರು. ಅದಕ್ಕೇ ನನಗೆ ಆ ಸೀರಿಯಲ್ ಮೇಲೆ ಅಭಿಮಾನ ಜಾಸ್ತಿ.

---

ಮಾನಿಟರ್ ಹಿಂದೆ

ಕೆಲವು ವರ್ಷ ಸೀರಿಯಲ್ ಸೆಟ್‌ನಲ್ಲಿ ಅಸಿಸ್ಟೆಂಟ್ ಆಗಿದ್ದೆ. ನೀವು ಸುಷ್ಮಾ ರಾವ್ ಬಗ್ಗೆ ಬರೆದದ್ದು ಓದಿ ಇದನ್ನು ಹೇಳಬೇಕು ಅನ್ನಿಸಿತು.

ನಾನು ಕೆಲಸ ಮಾಡಿದ ಕಡೆ ಡೈಲಾಗ್ ಪೇಪರ್ ಅವತ್ತು ಬೆಳಿಗ್ಗೆ ಬರುತ್ತಿತ್ತು. ಕೆಲವು ಸಲ ಮಧ್ಯಾಹ್ನ ಊಟದ ಹೊತ್ತಿಗೆ. ನಟರಿಗೆ ಬಾಯಿಪಾಠಕ್ಕೆ ಸಮಯ ಎಲ್ಲಿ? ಕ್ಯಾಮೆರಾ ಪಕ್ಕ ನಿಂತು ಒಂದೊಂದೇ ಸಾಲು ಪ್ರಾಂಪ್ಟ್ ಮಾಡುವುದು ನನ್ನ ಕೆಲಸ. ಹಾಗಾಗಿ ನಟಿಯ ಕಿವಿ ಎದುರಿನ ನಟಿಯ ಕಡೆ ಇರುವುದಿಲ್ಲ, ನನ್ನ ಕಡೆ ಇರುತ್ತದೆ. ಅತ್ತೆ ಬೈಯುತ್ತಿರುವಾಗ ಸೊಸೆ ತನ್ನ ಮುಂದಿನ ಸಾಲಿಗಾಗಿ ನನ್ನ ದನಿಗೆ ಕಾಯುತ್ತಿರುತ್ತಾಳೆ. ಅದು ಕಣ್ಣಲ್ಲಿ ಕಾಣುತ್ತದೆ. ನೋಡುವವರಿಗೆ 'ಏನೋ ಸರಿಯಿಲ್ಲ' ಅನ್ನಿಸುತ್ತದೆ, ಕಾರಣ ಗೊತ್ತಾಗುವುದಿಲ್ಲ.

ಇನ್ನೊಂದು ಕಷ್ಟ ಕ್ಲೋಸ್ ಅಪ್. ಇಡೀ ಸೀನ್ ಒಟ್ಟಿಗೆ ಕಾಣುವ ಮಾಸ್ಟರ್ ಶಾಟ್, ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವ ಸಜೆಷನ್ ಎಲ್ಲ ಮುಗಿದ ಮೇಲೆ, ಕೇಳಿಸಿಕೊಳ್ಳುವವರ ಮುಖದ ರಿಯಾಕ್ಷನ್ ತೆಗೆಯುತ್ತೇವೆ. ಅಷ್ಟು ಹೊತ್ತಿಗೆ ಎದುರಿನ ಕಲಾವಿದರು ಬೇರೆ ಸೀನ್‌ಗೆ ಸೀರೆ ಬದಲಿಸಲು ಹೋಗಿರಬಹುದು. ಗೋಡೆ ನೋಡಿಕೊಂಡು ಅಳಬೇಕು. 'ಲುಕ್ ಎಡಕ್ಕೆ ಕೊಡಿ ಮೇಡಂ, ಇನ್ನೂ ಸ್ವಲ್ಪ ಮೇಲೆ' ಅಂತ ನಾವು ಹೇಳುತ್ತಿರುತ್ತೇವೆ. ಅದರ ಮಧ್ಯೆ ನಿಜವಾಗಿ ಕೇಳಿಸಿಕೊಂಡ ಹಾಗೆ ಕಾಣುವುದು ಇದೆಯಲ್ಲ, ಅದು ದೊಡ್ಡ ವಿದ್ಯೆ.

ನಾನು ನೋಡಿದ ಹಾಗೆ ರಂಗಭೂಮಿಯಿಂದ ಬಂದ ಹಿರಿಯರು ಒಂದು ಕೆಲಸ ಮಾಡುತ್ತಿದ್ದರು. ತಮ್ಮ ಶಾಟ್ ಮುಗಿದರೂ ಹೋಗುತ್ತಿರಲಿಲ್ಲ. ಎದುರಿನ ಹುಡುಗಿಯ ಕ್ಲೋಸ್ ಅಪ್ ಮುಗಿಯುವವರೆಗೆ ಕ್ಯಾಮೆರಾ ಪಕ್ಕ ನಿಂತು ತಮ್ಮ ಸಾಲನ್ನು ಪೂರಾ ಭಾವದಿಂದ ಹೇಳುತ್ತಿದ್ದರು. ಆ ಹುಡುಗಿಯ ನಟನೆ ಅವತ್ತು ಬೇರೆಯೇ ಆಗುತ್ತಿತ್ತು. ಪರದೆಯ ಮೇಲೆ ನೀವು 'ಜೋಡಿ' ಅನ್ನುವುದು ಎಷ್ಟೋ ಸಲ ಇಂಥವರ ಔದಾರ್ಯದಿಂದ ಹುಟ್ಟಿದ್ದು.

---

ಇಬ್ಬನಿ

ಪ್ರೀತಿಯ ಜೋಡಿ ಬಿಡಿ ಅಂದಿದ್ದೀರಿ, ಕ್ಷಮಿಸಿ, ನಾನು ಬಿಡಲಾರೆ. 'ಅಮೃತಧಾರೆ'ಯ ಗೌತಮ್–ಭೂಮಿಕಾ. ಹಿಂದಿಯ 'ಬಡೇ ಅಚ್ಛೇ ಲಗ್ತೇ ಹೈ' ರಿಮೇಕ್ ಅಂತ ಗೊತ್ತು. ಆದರೂ ರಾಜೇಶ್ ನಟರಂಗ, ಛಾಯಾ ಸಿಂಗ್ ಅದನ್ನು ತಮ್ಮದೇ ಮಾಡಿಕೊಂಡಿದ್ದಾರೆ. ತಡವಾಗಿ ಮದುವೆಯಾದ ಇಬ್ಬರು. ಹತ್ತಿರ ಬರಲು ಸಂಕೋಚ, ದೂರ ಇರಲೂ ಆಗದು. ಅವನು 'ಭೂಮಿಕಾ ಅವರೇ' ಅಂತ ಕರೆದು ಮುಂದೆ ಏನು ಹೇಳಬೇಕು ಅಂತ ತಡವರಿಸುವಾಗ ರಾಜೇಶ್ ಅವರ ಕೈಗಳನ್ನು ನೋಡಿ. ಎಲ್ಲಿ ಇಟ್ಟುಕೊಳ್ಳಬೇಕು ಅಂತ ಅವಕ್ಕೇ ಗೊತ್ತಿರುವುದಿಲ್ಲ. ನಾನೂ ಮೂವತ್ತೆಂಟಕ್ಕೆ ಮದುವೆಯಾದವಳು. ನಮ್ಮಂಥವರ ಮದುವೆಯನ್ನು ಯಾರೋ ಗೌರವದಿಂದ ತೋರಿಸಿದರಲ್ಲ ಅಂತ ಸಮಾಧಾನ.

---

ಕೊಡಚಾದ್ರಿ

ನನ್ನ ಉತ್ತರ ಹಿತವಾದದ್ದಲ್ಲ. 'ಲಕ್ಷ್ಮೀ ನಿವಾಸ'ದ ಜಯಂತ್–ಜಾಹ್ನವಿ. ಹೆಂಡತಿಯ ಮೇಲೆ ಕಣ್ಣಿಡಲು ಮನೆಯೊಳಗೆ ಸಿಸಿ ಕ್ಯಾಮೆರಾ ಇಟ್ಟವನು ಜಯಂತ್. ದೀಪಕ್ ಸುಬ್ರಹ್ಮಣ್ಯ ಅವನಿಗೆ ಖಳನಾಯಕನ ದನಿ ಕೊಡಲೇ ಇಲ್ಲ. ಮೆಲ್ಲಗೆ, ಮುದ್ದಾಗಿ 'ಚಿನ್ನುಮರಿ' ಅನ್ನುತ್ತಾರೆ. ಚಂದನಾ ಅನಂತಕೃಷ್ಣ ಆ ಕರೆ ಕೇಳಿ ಮೊದಲು ನಗುತ್ತಿದ್ದರು. ಆಮೇಲೆ ಅದೇ ಕರೆಗೆ ಅವರ ಕುತ್ತಿಗೆ ಬಿಗಿಯತೊಡಗಿತು. ಆ ಬದಲಾವಣೆ ನಿಧಾನವಾಗಿ ಬಂತು, ದಿನದಿನ ನೋಡುವ ಧಾರಾವಾಹಿಯಲ್ಲಿ ಮಾತ್ರ ಸಾಧ್ಯವಾಗುವ ನಿಧಾನ.

ನನಗೆ ನೋವಾಗುವುದು, ಇದನ್ನು ರೀಲ್ಸ್ ಮಾಡಿ ಮುದ್ದಿನ ಜೋಡಿ ಅಂತ ಹಂಚುವುದನ್ನು ಕಂಡಾಗ. ನನ್ನ ತಂಗಿಯ ಗಂಡ ಅವಳ ಫೋನ್ ದಿನಾ ತೆಗೆದು ನೋಡುತ್ತಿದ್ದ. 'ಪ್ರೀತಿ ಜಾಸ್ತಿ ಅದಕ್ಕೆ' ಅಂತ ಮನೆಯವರೆಲ್ಲ ಹೇಳಿದರು. ಜಾಹ್ನವಿಗೆ ಕ್ಯಾಮೆರಾ ವಿಷಯ ಗೊತ್ತಾದ ಸಮಯದಲ್ಲಿ ತಂಗಿ ನನಗೆ ಫೋನ್ ಮಾಡಿ, 'ಅಕ್ಕಾ, ನೋಡಿದ್ಯಾ?' ಅಂದಳು. ಅಷ್ಟೇ ಅಂದಳು. ನಾವು ಆ ವಿಷಯ ಮಾತಾಡಲು ಶುರು ಮಾಡಿದ್ದೇ ಅಲ್ಲಿಂದ.

---

ಸಾಗರದ ಸೊಸೆ

ಕೊಡಚಾದ್ರಿ ಅವರೇ, ನಿಮ್ಮ ತಂಗಿ ಈಗ ಹೇಗಿದ್ದಾರೆ? ಇಲ್ಲಿ ಹೇಳಲು ಇಷ್ಟವಿಲ್ಲದಿದ್ದರೆ ಬೇಡ. ಮಾತು ಶುರುವಾಯಿತಲ್ಲ, ಅದನ್ನು ನಿಲ್ಲಿಸಬೇಡಿ.

ಇಬ್ಬನಿ, ಬರೆದದ್ದು ಒಳ್ಳೆಯದೇ ಆಯಿತು. ಗೌತಮ್–ಭೂಮಿಕಾ ನನ್ನ ಷರತ್ತಿಗೆ ಹೊರಗಿನವರಲ್ಲ ಅಂತ ಈಗ ಅನ್ನಿಸುತ್ತಿದೆ. ಅವರಿಬ್ಬರೂ ಮೊದಲು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಆಮೇಲೆ ಪ್ರೀತಿಗೆ ಬಂದವರು.

ಮಾನಿಟರ್ ಹಿಂದೆ ಸರ್, ನೀವು ಹೇಳಿದ ಮೇಲೆ ನಿನ್ನೆ ಕಥೆ ಬಿಟ್ಟು ಬರೀ ಕಣ್ಣು ನೋಡಿದೆ. ಯಾರು ಎದುರಿನವರಿಗೆ ಕಿವಿ ಕೊಟ್ಟಿದ್ದಾರೆ, ಯಾರು ಪ್ರಾಂಪ್ಟಿಂಗ್‌ಗೆ ಕಾಯುತ್ತಿದ್ದಾರೆ ಅಂತ ಸುಮಾರಾಗಿ ಗೊತ್ತಾಗುತ್ತದೆ. ಅತ್ತೆಗೂ ಹೇಳಿಕೊಟ್ಟೆ. ಅವರು ಆಗಲೇ ಇಬ್ಬರು ನಟರನ್ನು ಫೇಲ್ ಮಾಡಿಯಾಯಿತು! ಒಂದು ಕೇಳಬೇಕಿತ್ತು. ಆ ಹಿರಿಯರು ಕ್ಯಾಮೆರಾ ಪಕ್ಕ ನಿಂತು ಸಾಲು ಹೇಳುತ್ತಿದ್ದರು ಅಂದಿರಲ್ಲ, ಅದಕ್ಕೆ ನಿರ್ದೇಶಕರು ಸಮಯ ಕೊಡುತ್ತಿದ್ದರಾ, ಅಥವಾ ಅವರೇ ಹಟ ಹಿಡಿದು ನಿಲ್ಲುತ್ತಿದ್ದರಾ?

---

ಮಾನಿಟರ್ ಹಿಂದೆ

ಹಟ ಹಿಡಿದೇ ನಿಲ್ಲುತ್ತಿದ್ದರು ಮೇಡಂ. ಸಂಜೆಯೊಳಗೆ ಎಪಿಸೋಡ್ ಮುಗಿಸಬೇಕು, ಇಲ್ಲದಿದ್ದರೆ ಬ್ಯಾಂಕಿಂಗ್, ಅಂದರೆ ಮುಂದಿನ ದಿನಗಳಿಗೆ ಮೊದಲೇ ರೆಡಿ ಇರುವ ಎಪಿಸೋಡ್, ಇರುವುದಿಲ್ಲ ಅನ್ನುವ ಒತ್ತಡ ನಮ್ಮೆಲ್ಲರ ಮೇಲೂ ಇರುತ್ತಿತ್ತು. ಕಾರು ರೆಡಿ ಇದೆ ಅಂತ ನಾನೇ ಹೋಗಿ ಹೇಳುತ್ತಿದ್ದೆ. 'ಮಗು ಅಳೋ ಸೀನ್ ಇದೆ ಕಣಪ್ಪ, ಮುಗೀಲಿ, ಆಮೇಲೆ ಹೊರಡ್ತೀನಿ' ಅನ್ನುತ್ತಿದ್ದರು.