‘ಮ್ಯೂಟ್’ಗೆ ‘ಕಟ್ಟು’, ‘ಅನ್‌ಮ್ಯೂಟ್’ಗೆ ‘ಬಿಡು’ – ಆದೀತೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದಿಂದ ಆಚೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕನ್ನಡ ಪಾಠ ಮಾಡುವವನು ನಾನು. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೆ ಲ್ಯಾಬಿನ ಬೀಗದ ಕೈ ಈ ವರ್ಷ ನನ್ನ ಕಿಸೆಯಲ್ಲಿದೆ. ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲು ಲಿನಕ್ಸ್ ನಡೆಯುವುದು ನಿಮಗೆ ಗೊತ್ತಿರಬಹುದು. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾದ ಸರಕಾರಿ ಯೋಜನೆ 2017ರಿಂದ ಕೈಟ್ ಎಂಬ ಹೆಸರಿನಲ್ಲಿದೆ. ಉಬುಂಟು ಎಂಬ ಲಿನಕ್ಸನ್ನು ಆಧರಿಸಿದ ಅದರದ್ದೇ ಆವೃತ್ತಿ ನಮ್ಮ ಮಕ್ಕಳ ಕೈಗೆ ಬರುತ್ತದೆ. ಸದ್ದು ಬಾರದಿದ್ದರೆ ಏನೇನು ನೋಡಬೇಕು ಎಂದು ಅರ್ಧ ಪುಟದ ಚೀಟಿ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ. ಎರಡನೇ ಸಾಲಿನಲ್ಲೇ ಸಿಕ್ಕಿಬಿದ್ದೆ: ‘ಮ್ಯೂಟ್’ಗೆ ಏನು ಬರೆಯಲಿ?

‘ಮ್ಯೂಟ್ ಅಂತಲೇ ಬರೆಯಿರಿ ಮಾರಾಯ್ರೆ’ ಎನ್ನುವವರು ಇದ್ದೇ ಇದ್ದಾರೆ. ಅವರಿಗೆ ಒಂದು ಸಂಗತಿ ಹೇಳಬೇಕು. ಒಂದೇ ವಾರದಲ್ಲಿ ನಮ್ಮಲ್ಲಿ ಮೂರು ಕಂಪ್ಯೂಟರ್ ಬಾಯಿ ಮುಚ್ಚಿದವು. ಮೊದಲನೆಯದರಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಟರ್ಮಿನಲ್‌ನಲ್ಲಿ (ಅಪ್ಪಣೆ ಟೈಪ್ ಮಾಡುವ ಕಿಟಕಿಯಲ್ಲಿ) ಆಲ್ಸಾಮಿಕ್ಸರ್ ಎಂಬ ಸದ್ದು ಹೊಂದಿಸುವ ತಂತ್ರಾಂಶ ತೆರೆದಿದ್ದಾನೆ. ಅದರಲ್ಲಿ ಪ್ರತಿ ಕಂಬದ ಬುಡಕ್ಕೆ ಒಂದು ಪುಟ್ಟ ಚೌಕ ಇರುತ್ತದೆ. ಸದ್ದು ಹೋಗಲು ದಾರಿ ತೆರೆದಿದ್ದರೆ ಅಲ್ಲಿ 00 ಎಂದು ಕಾಣುತ್ತದೆ, ಮ್ಯೂಟ್ ಆಗಿದ್ದರೆ ಎರಡು ‘ಎಂ’. ಕೀಲಿಮಣೆಯ ‘ಎಂ’ ಒತ್ತಿದರೆ ಅದು ಇದಾಗುತ್ತದೆ, ಇದು ಅದಾಗುತ್ತದೆ. ಹುಡುಗ ಬಂದು ಹೇಳಿದ್ದು: “ಮಾಷ್ಟ್ರೇ, ಸೊನ್ನೆ ಸೊನ್ನೆ ಇತ್ತು. ನಾನು ಎಲ್ಲದಕ್ಕೂ ಮ್ಯಾಕ್ಸಿಮಮ್ ಮಾಡಿದೆ. ಆದರೂ ಸ್ವರ ಇಲ್ಲ.”

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸೊನ್ನೆ ಎಂದರೆ ತೆರೆದಿದೆ, ‘ಎಂ’ ಎಂದರೆ ಮ್ಯಾಕ್ಸಿಮಮ್ ಅಲ್ಲ, ಮುಚ್ಚಿದೆ ಎಂದು ಯಾವ ಮಗುವಿಗೆ ತಾನಾಗಿ ಹೊಳೆಯುತ್ತದೆ? ಪರದೆಯ ಮೂಲೆಯ ವಾಲ್ಯೂಮ್ ಪಟ್ಟಿ ಮಾತ್ರ ನೂರಕ್ಕೆ ನೂರು ತೋರಿಸುತ್ತಿತ್ತು.

ಎರಡನೆಯದು ಪ್ರೊಜೆಕ್ಟರಿಗೆ ತಗುಲಿಸಿದ ಕಂಪ್ಯೂಟರ್. ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡಲೇ ಸದ್ದು ಚಿತ್ರದ ಬೆನ್ನಿಗೇ ಪ್ರೊಜೆಕ್ಟರಿಗೆ ಹೋಗಿತ್ತು, ಪ್ರೊಜೆಕ್ಟರಿಗೆ ಸ್ಪೀಕರೇ ಇಲ್ಲ. ಅಲ್ಲಿ ಯಾವುದೂ ಮ್ಯೂಟ್ ಆಗಿರಲಿಲ್ಲ. ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲಿ ಔಟ್‌ಪುಟ್ ಬದಲಿಸಿದಾಗ ಬಂತು. ಮೂರನೆಯದರಲ್ಲಿ ಔಟ್‌ಪುಟ್ ಪಟ್ಟಿಯಲ್ಲಿ ಒಂದೇ ಹೆಸರು: ಡಮ್ಮಿ ಔಟ್‌ಪುಟ್. ಸೌಂಡ್ ಕಾರ್ಡೇ ಕಾಣುತ್ತಿರಲಿಲ್ಲ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ನಲ್ಲಿ) ಯಾರೋ ಅದನ್ನು ಡಿಸೇಬಲ್ ಮಾಡಿಟ್ಟಿದ್ದರು. ಮೂರಕ್ಕೂ ಮಕ್ಕಳು ಹೇಳಿದ್ದು ಒಂದೇ, ‘ಮ್ಯೂಟ್ ಆಗಿದೆ’. ಇಂಗ್ಲಿಷ್ ಪದ ಎಲ್ಲರ ಬಾಯಲ್ಲೂ ಇದೆ, ಆದರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು. ನನಗೆ ಕನ್ನಡ ಪದ ಬೇಕಾದದ್ದು ಅದಕ್ಕೆ, ಅಭಿಮಾನಕ್ಕಲ್ಲ.

ಮೊದಲು ನೆನಪಾದದ್ದು ‘ಮೂಕ’. ಕೇಳಲಿಕ್ಕೂ ಮ್ಯೂಟ್‌ಗೆ ಹತ್ತಿರ. ನಮ್ಮ ಸೀಮೆಯವರಿಗೆ ಕೊಲ್ಲೂರಿನ ಕತೆ ಬಾಯಿಪಾಠ: ಕಂಹಾಸುರ ತಪಸ್ಸು ಮಾಡಿ ವರ ಕೇಳಬೇಕು ಎನ್ನುವಷ್ಟರಲ್ಲಿ ದೇವಿ ಅವನ ಮಾತನ್ನೇ ಕಿತ್ತುಕೊಂಡಳು, ಅವನು ಮೂಕಾಸುರನಾದ. ಆ ಲೆಕ್ಕದಲ್ಲಿ ಮೂಕಾಸುರ ಸರಿಯಾದ ಮ್ಯೂಟ್. ಹೇಳಲಿಕ್ಕೆ ಇತ್ತು, ಹೊರಗೆ ಬರಲು ಬಿಡಲಿಲ್ಲ. ಆದರೆ ಈಗ ಆಡುಮಾತಿನಲ್ಲಿ ಮೂಕ ಎಂದರೆ ಮಾತು ಬಾರದ ಮನುಷ್ಯ, ಅದೂ ಬೈಗುಳದಂತೆ ಕೇಳುತ್ತದೆ. ಮಾತು ಬಾರದ ಅಣ್ಣನೋ ತಂಗಿಯೋ ಮನೆಯಲ್ಲಿರುವ ಮಗು ಓದುವ ಗೋಡೆಯ ಮೇಲೆ ಅದನ್ನು ಅಂಟಿಸಲು ನನಗೆ ಕೈ ಬರುವುದಿಲ್ಲ.

‘ಮೌನ’ ಸರಿಹೋಗುವುದಿಲ್ಲ. ಮೌನ ನಾವೇ ಇಟ್ಟುಕೊಳ್ಳುವಂಥದ್ದು, ವ್ರತದ ಹಾಗೆ. ‘ನಿಶ್ಶಬ್ದ’ ವಾಚನಾಲಯದ ಬೋರ್ಡು. ಅದು ಸ್ಥಿತಿಯೇ ಹೊರತು ಕೆಲಸವಲ್ಲ. ಅಲ್ಲದೆ ‘ಶಬ್ದ’ ನಮ್ಮಲ್ಲಿ ತುಸು ಎಡವಟ್ಟಿನ ಪದ. ಮನೆಯಲ್ಲಿ ಮಲಯಾಳ ಆಡುವ ಮಗುವಿಗೆ ಅದು ಮನುಷ್ಯನ ದನಿಯೂ ಹೌದು. ನನ್ನ ಪಾಠದಲ್ಲಿ ಅದೇ ಮಗು ‘ಶಬ್ದ’ವನ್ನು ಪದ ಎಂಬ ಅರ್ಥದಲ್ಲಿ ಕಲಿತಿರುತ್ತದೆ. ‘ಶಬ್ದ ಬರುತ್ತಿಲ್ಲ’ ಎಂದು ಬರೆದರೆ ಟೈಪಿಂಗ್ ಕೆಟ್ಟಿದೆ ಎಂದುಕೊಂಡರೂ ಅಂದುಕೊಂಡೀತು.

‘ಸದ್ದಡಗಿಸು’ ಒಳ್ಳೆಯ ಪದ, ಒಪ್ಪುತ್ತೇನೆ. ಅದು ಬೀಳುವುದು ತಿರುವು ಹಾಕುವಾಗ. ಒಂದು ಗುಂಡಿ ಒತ್ತಿದರೆ ಮ್ಯೂಟ್, ಅದನ್ನೇ ಇನ್ನೊಮ್ಮೆ ಒತ್ತಿದರೆ ಅನ್‌ಮ್ಯೂಟ್. ಸದ್ದಡಗಿಸಿದ್ದನ್ನು ಏನು ಮಾಡುವುದು? ‘ಅಡಗಿಸಿದ್ದನ್ನು ತೆಗೆ’? ‘ಸದ್ದೆಬ್ಬಿಸು’ ಎಂದರೆ ಊರಿಡೀ ಗುಲ್ಲು. ಅನ್‌ಮ್ಯೂಟ್ ಸಿಗದೆ ಮ್ಯೂಟ್ ಸಿಕ್ಕರೆ ಅರ್ಧ ಪದ ಸಿಕ್ಕ ಹಾಗೆ. ಈ ವಿಷಯ ಇತ್ಯರ್ಥ ಆಗುವವರೆಗೆ ನಾನು ಬೇರೆ ಯಾವ ಪದವನ್ನೂ ಮುಟ್ಟಬಾರದು ಎಂದುಕೊಂಡೆ.

ಮಕ್ಕಳನ್ನೇ ಕೇಳಿದೆ. ಹವ್ಯಕರ ಮನೆಯವಳು ‘ಸ್ವರವೇ ಬತ್ತಿಲ್ಲೆ’ ಅಂದಳು. ತುಳುವಿನವನು ‘ಸೊರ ಬರ್ಪುಜಿ’ ಎಂದ. ಮಲಯಾಳದವನದ್ದು ‘ಒಚ್ಚ ಇಲ್ಲ’. ಮೂರರಲ್ಲೂ ಇರುವುದು ಬಾರದಿರುವ ಮಾತು, ಬಾರದಂತೆ ಮಾಡಿದ ಮಾತಲ್ಲ. ಆಮೇಲೆ ಒಬ್ಬಳು, ನೆಗಡಿಯಾಗಿದ್ದವಳು, “ನನ್ನ ಹಾಗೆ ಅದಕ್ಕೂ ಗಂಟಲು ಕಟ್ಟಿದೆ ಮಾಷ್ಟ್ರೇ” ಎಂದು ನಕ್ಕಳು.

ಕಟ್ಟಿದೆ! ಅಲ್ಲಿಂದ ನನ್ನ ತಲೆ ತೋಟದ ಕಡೆಗೆ ಓಡಿತು. ಈ ಸೀಮೆಯಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ಹಿಡಿಯುವುದು, ಅದನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಕೆರೆಗೆ ಇಳಿಸುವುದು, ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕುವುದು ಅಜ್ಜಂದಿರ ಕಾಲದ್ದು. ನೀರು ಕಟ್ಟುತ್ತೇವೆ, ನೀರು ಬಿಡುತ್ತೇವೆ. ಕಟ್ಟಿದಾಗ ನೀರು ಇಲ್ಲವಾಗುವುದಿಲ್ಲ, ಆಚೆ ನಿಂತಿರುತ್ತದೆ. ಮ್ಯೂಟ್‌ನಲ್ಲೂ ಪಾಠದ ವೀಡಿಯೊ ಓಡುತ್ತಲೇ ಇರುತ್ತದೆ, ವಾಲ್ಯೂಮ್ ಎಲ್ಲಿತ್ತೋ ಅಲ್ಲೇ ಇರುತ್ತದೆ, ದಾರಿ ಮಾತ್ರ ಕಟ್ಟಿರುತ್ತದೆ. (ಸದ್ದು ನೀರಿನ ಹಾಗೆ ಹಿಂದೆ ತುಂಬಿ ನಿಲ್ಲುವುದಿಲ್ಲ, ಬಿಟ್ಟಾಗ ಅಲ್ಲಿಂದ ಮುಂದಿನದ್ದಷ್ಟೇ ಕೇಳುತ್ತದೆ. ಹೋಲಿಕೆ ಅಷ್ಟರಲ್ಲಿ ಕುಂಟುತ್ತದೆ.)

ಇದು ನನ್ನ ತೋಟದ ಹುಚ್ಚು ಎಂದು ನಗಬೇಡಿ. ಲಿನಕ್ಸಿನ ಸದ್ದಿನ ಪದಗಳನ್ನು ಸಾಲಾಗಿ ಇಟ್ಟು ನೋಡಿ. ತಳದಲ್ಲಿ, ಕರ್ನೆಲ್ ಎಂಬ ಲಿನಕ್ಸಿನ ತಿರುಳಿನ ಜೊತೆಗೆ, ಆಲ್ಸಾ. ಅದರ ಮೇಲೆ ಪಲ್ಸ್‌ಆಡಿಯೊ. ಪಲ್ಸ್‌ಆಡಿಯೊದ ಮಾತಿನಲ್ಲಿ ಸದ್ದು ಹುಟ್ಟುವ ಕಡೆ (ಮೈಕಿನಂಥದ್ದು) ಸೋರ್ಸ್, ಸೇರುವ ಕಡೆ (ಸ್ಪೀಕರಿನಂಥದ್ದು) ಸಿಂಕ್, ನಡುವೆ ಹರಿಯುವುದು ಸ್ಟ್ರೀಮ್. ಈಚಿನ ಲಿನಕ್ಸ್ ಆವೃತ್ತಿಗಳಲ್ಲಿ ಅದರ ಜಾಗಕ್ಕೆ ಬಂದದ್ದರ ಹೆಸರು ಪೈಪ್‌ವೈರ್, ಅದರ ಕೈಕೆಳಗೆ ಯಾವ ಕೊಳವೆ ಎಲ್ಲಿಗೆ ಸೇರಬೇಕೆಂದು ನೋಡಿಕೊಳ್ಳುವವನು ವೈರ್‌ಪ್ಲಂಬರ್! ಅವರೇ ನಲ್ಲಿ ಕೆಲಸದವರ ಮಾತಿನಲ್ಲಿ ಯೋಚಿಸಿದ್ದಾರೆ. ನಾವು ಯಾಕೆ ‘ಧ್ವನಿ ನಿರ್ಗಮ ಸಾಧನ’ ಎಂದು ಗಂಟಲು ಕಟ್ಟಿಸಿಕೊಳ್ಳಬೇಕು? ಸೋರ್ಸ್‌ಗೆ ‘ಒರತೆ’ ಇದೆ. ಸಿಂಕ್‌ಗೆ ಮಾತ್ರ ನನಗೆ ಹೊಳೆದಿಲ್ಲ. ಕ್ಲಾಸಿನಲ್ಲಿ ಆ ಪದ ಹೇಳಿದಾಗ “ಪಾತ್ರೆ ತೊಳೆಯುವ ಸಿಂಕಾ?” ಎಂದು ಕೇಳಿದರು. ‘ಕೆರೆ’ ಎನ್ನೋಣವೆಂದರೆ ಸ್ಪೀಕರಿನಲ್ಲಿ ಸದ್ದು ನಿಲ್ಲುವುದಿಲ್ಲ, ಹೊರಗೆ ಬೀಳುತ್ತದೆ.

ಡಮ್ಮಿ ಔಟ್‌ಪುಟ್‌ಗೆ ಮಾತ್ರ ನನಗೆ ಖುಷಿಯಾಗುವ ಪದ ಸಿಕ್ಕಿದೆ. ನಿಜವಾದ ಸಿಂಕ್ ಒಂದೂ ಸಿಗದಿದ್ದಾಗ ಪಲ್ಸ್‌ಆಡಿಯೊ ತಾನೇ ಒಂದು ಸುಳ್ಳು ಸಿಂಕ್ ನಿಲ್ಲಿಸುತ್ತದೆ, ಬಂದ ಸದ್ದನ್ನೆಲ್ಲ ಅದು ನುಂಗಿಬಿಡುತ್ತದೆ. ಹಾಡು ಓಡುತ್ತದೆ, ಸೆಕೆಂಡಿನ ಲೆಕ್ಕ ಮುಂದಕ್ಕೆ ಹೋಗುತ್ತದೆ, ಸದ್ದು ಎಲ್ಲಿಗೂ ಹೋಗುವುದಿಲ್ಲ. ನಮ್ಮಲ್ಲಿ ಮಳೆನೀರಿಗೆ ತೋಡುವ ಇಂಗುಗುಂಡಿ ಇದಲ್ಲದೆ ಇನ್ನೇನು? ಒಬ್ಬ ಸಹೋದ್ಯೋಗಿ ‘ನಾಮಕಾವಸ್ತೆ’ ಸಾಕು ಎನ್ನುತ್ತಾರೆ. ಅದು ಅದರ ಯೋಗ್ಯತೆ ಹೇಳುತ್ತದೆ, ಕೆಲಸ ಹೇಳುವುದಿಲ್ಲ. ಇಂಗುಗುಂಡಿಯ ತೊಡಕೇನೆಂದರೆ ಅದು ಒಳ್ಳೆಯದು. ಇಂಗಿದ ನೀರು ಬಾವಿಗೆ ಬರುತ್ತದೆ, ಇಂಗಿದ ಸದ್ದು ಯಾವ ಬಾವಿಗೂ ಬಾರದು.

ಈಗ ‘ಕಟ್ಟು–ಬಿಡು’ ಬಗ್ಗೆ ನನ್ನ ಅನುಮಾನಗಳು. ಗುಂಡಿಯ ಮೇಲೆ ಅಪ್ಪಣೆಯಾಗಿ ‘ಸದ್ದು ಕಟ್ಟು’, ‘ಸದ್ದು ಬಿಡು’; ಸ್ಥಿತಿ ಹೇಳುವಲ್ಲಿ ‘ಸದ್ದು ಕಟ್ಟಿದೆ’. ‘ಕಟ್ಟಲಾಗಿದೆ’ ಬೇಡ, ಯಾರು ಕಟ್ಟಿದರೆಂದು ಕಂಪ್ಯೂಟರ್ ಮುಂದೆ ಕೂತವನಿಗೆ ಹೇಗೂ ಗೊತ್ತಿಲ್ಲ. ಆದರೆ ಹಾಡು ಕಟ್ಟುವವರೂ ಇದ್ದಾರೆ, ಕವಿತೆ ಕಟ್ಟುವವರೂ ಇದ್ದಾರೆ. ಮೈಸೂರು ಕಡೆಯವರಿಗೆ ‘ಸದ್ದು ಕಟ್ಟು’ ಎಂದರೆ ಸದ್ದನ್ನು ರಚಿಸು ಎಂದು ಕೇಳುತ್ತದೆಯೇ? ‘ಬಿಡು’ ಎಂದರೆ ಕರಾವಳಿಯಲ್ಲಿ ಹರಿಯಗೊಡು. ಬಯಲುಸೀಮೆಯಲ್ಲಿ ಕೈಬಿಡು ಎಂದಾಗಿ ಅರ್ಥ ತಿರುಗಿ ನಿಲ್ಲುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ರೇಡಿಯೊ ಆರಿಸದೆ ಸದ್ದನ್ನಷ್ಟೇ ನಿಲ್ಲಿಸುವುದಕ್ಕೆ ಮನೆಯಲ್ಲಿ ಏನೆನ್ನುತ್ತೀರಿ? ‘ಬಂದ್ ಮಾಡು’ ಅಂದರೆ ರೇಡಿಯೊವೇ ಬಂದ್ ಆಗಿಬಿಡುತ್ತದಲ್ಲ. ನಮ್ಮಲ್ಲಿ ‘ಸಣ್ಣ ಮಾಡು’ ಇದೆ, ಅದು ವಾಲ್ಯೂಮ್ ಇಳಿಸುವುದಕ್ಕೆ ಮಾತ್ರ.

ಇನ್ನೊಂದು ಪೇಚು ಕರಡು ಬರೆದ ಮೇಲೆ ಗೊತ್ತಾಯಿತು. ‘ಸದ್ದು ಕಟ್ಟಿದೆ’ ಎಂದು ನಾನು ಕೈಯಲ್ಲಿ ಬರೆದದ್ದನ್ನು ಎಂಟನೇ ಕ್ಲಾಸಿನವಳು ‘ಸದ್ದು ಕೆಟ್ಟಿದೆ’ ಎಂದು ಓದಿದಳು. ಒಂದು ಎತ್ವದ ಅಂತರ. ಕಟ್ಟಿದ್ದರೆ ‘ಎಂ’ ಒತ್ತಿದರೆ ಸಾಕು. ಕೆಟ್ಟಿದ್ದರೆ ನನ್ನನ್ನು ಕರೆಯಬೇಕು. ಹಾಗಾಗಿ ಚೀಟಿಯಲ್ಲಿ ‘ಸದ್ದಿನ ದಾರಿ ಕಟ್ಟಿದೆ’ ಎಂದು ಒಂದು ಪದ ಸೇರಿಸಿದ್ದೇನೆ. ಉದ್ದವಾಯಿತು, ಗುಂಡಿಯ ಮೇಲೆ ಹಿಡಿಸದು. ಗೋಡೆಗೆ ಅಡ್ಡಿಯಿಲ್ಲ.

ಸಿಂಕ್‌ಗೆ ಪದ ಸಿಕ್ಕವರು ದಯವಿಟ್ಟು ಬರೆಯಿರಿ. ಚೀಟಿಯ ಮೂರನೇ ಸಾಲು ಖಾಲಿ ಬಿಟ್ಟಿದ್ದೇನೆ. ಸದ್ಯಕ್ಕೆ ಅಲ್ಲಿ ಪೆನ್ಸಿಲಿನಲ್ಲಿ ‘ಸದ್ದು ಎಲ್ಲಿಗೆ ಹೋಗುತ್ತಿದೆ ನೋಡು’ ಎಂದು ಬರೆದಿದೆ.