ಲೆಕ್ಕದಲ್ಲಿ ಲಾಭವಿದೆ, ಕೈಯಲ್ಲಿ ಹಣವಿಲ್ಲ: ಏನು ಮಾಡಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಯಂತ್ರದ ಬಿಡಿಭಾಗಗಳನ್ನು ತಯಾರಿಸಿ ಕಾರ್ಖಾನೆಗಳಿಗೆ ಪೂರೈಸುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಲೆಕ್ಕಪತ್ರದಲ್ಲಿ ಲಾಭ ಕಾಣುತ್ತಿದೆ, ಆರ್ಡರುಗಳೂ ಹೆಚ್ಚುತ್ತಿವೆ. ಆದರೂ ಸಂಬಳ ಕೊಡುವ ಹೊತ್ತಿಗೆ ಬ್ಯಾಂಕ್ ಖಾತೆ ಬರಿದಾಗಿರುತ್ತದೆ. ಮಾರಾಟ ಹೆಚ್ಚಿಸಿದರೆ ಈ ಕೊರತೆ ನೀಗುತ್ತದೆಯೇ, ಅಥವಾ ಸಾಲ ಪಡೆಯಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಸಾಲದ ಯೋಚನೆಗೆ ಮುನ್ನ, ನಿಮ್ಮ ಹಣ ಎಷ್ಟು ದಿನ ಹೊರಗೆ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಲೆಕ್ಕ ಹಾಕಿ. ಕಚ್ಚಾ ಸಾಮಗ್ರಿ ಬಂದಂದಿನಿಂದ ಮಾಲು ಮಾರಾಟವಾಗುವವರೆಗೆ 40 ದಿನ, ಆಮೇಲೆ ಬಾಕಿ ವಸೂಲಾಗಲು 60 ದಿನ ಹಿಡಿಯುತ್ತದೆ, ಸಾಮಗ್ರಿ ಕೊಟ್ಟವರು ನಿಮಗೆ 30 ದಿನಗಳ ಗಡುವು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. 40ಕ್ಕೆ 60 ಕೂಡಿಸಿ 30 ಕಳೆದರೆ ಉಳಿಯುವುದು 70 ದಿನ. ಅಷ್ಟು ದಿನವೂ ವ್ಯವಹಾರವನ್ನು ನೀವೇ ಹಣ ಹಾಕಿ ನಡೆಸಬೇಕು. ಸಂಬಳ, ಬಾಡಿಗೆಗಳಿಗಂತೂ 30 ದಿನಗಳ ಆ ಗಡುವೂ ಇರುವುದಿಲ್ಲ. ಮಾರಾಟ ದುಪ್ಪಟ್ಟಾದರೆ ಈ ಅವಧಿಗೆ ಬೇಕಾಗುವ ಹಣವೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆದ್ದರಿಂದ ದಿನಗಳನ್ನು ಕಡಿಮೆ ಮಾಡದೆ ಮಾರಾಟವನ್ನಷ್ಟೇ ಹೆಚ್ಚಿಸಿದರೆ ಕೊರತೆ ನೀಗುವ ಬದಲು ಹಿಗ್ಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂದಹಾಗೆ, ಸಾಲದ ಅಸಲಿನ ಕಂತು ಲಾಭ-ನಷ್ಟದ ಪಟ್ಟಿಯಲ್ಲಿ ಖರ್ಚಾಗಿ ಕಾಣುವುದಿಲ್ಲ, ಖಾತೆಯಿಂದ ಮಾತ್ರ ಹೋಗುತ್ತದೆ, ಅದನ್ನೂ ಪರಿಶೀಲಿಸಿ.

ಎರಡನೆಯ ಉತ್ತರ:
ಇದರ ಜೊತೆಗೆ ಮುಂದಿನ 13 ವಾರಗಳ ನಗದು ಅಂದಾಜುಪಟ್ಟಿಯನ್ನು ಬರೆದಿಡಿ. ಪ್ರತಿ ವಾರದ ಆರಂಭದ ಶಿಲ್ಕು, ಬರುವ ಹಣ, ಹೋಗುವ ಹಣ, ಕೊನೆಯ ಶಿಲ್ಕು, ಇಷ್ಟಿದ್ದರೆ ಸಾಕು. 60 ದಿನಕ್ಕೆ ಒಪ್ಪಿ 75ನೇ ದಿನ ಪಾವತಿಸುವ ಗ್ರಾಹಕರ ಹಣವನ್ನು 75ನೇ ದಿನ ಬೀಳುವ ವಾರದಲ್ಲೇ ಬರೆಯಬೇಕು. ಬಿಲ್ಲಿನ ಗಡುವನ್ನು ನಂಬಿ ಬರೆದರೆ ಪಟ್ಟಿ ನಿಮ್ಮನ್ನೇ ತಪ್ಪುದಾರಿಗೆ ಎಳೆಯುತ್ತದೆ. ಗ್ರಾಹಕರಿಂದ ಸಂಗ್ರಹಿಸಿದ ತೆರಿಗೆ ನಿಮ್ಮ ಹಣವಲ್ಲ, ಅದನ್ನು ಪ್ರತ್ಯೇಕ ಖಾತೆಯಲ್ಲಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. 30 ದಿನಗಳ ಗಡುವಿರುವ ಕೆಲವು ಗ್ರಾಹಕರಿಗೆ, 10 ದಿನಗಳೊಳಗೆ ಪಾವತಿಸಿದರೆ ಶೇ 2ರಷ್ಟು ರಿಯಾಯಿತಿ ಕೊಡುವುದಾಗಿ ಹೇಳಬಹುದೇ?

ಮೊದಲ ಉತ್ತರ ಬರೆದವರು:
ಅವಸರಪಡಬೇಡಿ. 100 ರೂಪಾಯಿ ಬರಬೇಕಾದಲ್ಲಿ 98 ರೂಪಾಯಿಯನ್ನು 20 ದಿನ ಮುಂಚೆ ಪಡೆಯಲು 2 ರೂಪಾಯಿ ಬಿಟ್ಟುಕೊಟ್ಟರೆ, ವರ್ಷದ ಲೆಕ್ಕದಲ್ಲಿ ಅದು ಸುಮಾರು ಶೇ 37ರ ಬಡ್ಡಿಗೆ ಸಮ. ಬ್ಯಾಂಕಿನ ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣವನ್ನು ಒಂದು ಮಿತಿಯೊಳಗೆ ತೆಗೆಯುವ ಸೌಲಭ್ಯ) ಇದಕ್ಕಿಂತ ಅಗ್ಗವಾಗಿ ಸಿಗುವುದಾದರೆ ಅದನ್ನೇ ಬಳಸಿ. ಅದಕ್ಕೂ ಮೊದಲು, ಮಾಲು ಕಳುಹಿಸಿದ ದಿನವೇ ಬಿಲ್ಲು ಕಳುಹಿಸುವುದು, ಗಡುವಿಗೆ ಒಂದು ವಾರ ಮುಂಚೆಯೇ ಗ್ರಾಹಕರ ಲೆಕ್ಕ ವಿಭಾಗಕ್ಕೆ ಕರೆ ಮಾಡಿ ಬಿಲ್ಲು ಅಂಗೀಕಾರವಾಗಿದೆಯೇ ಎಂದು ವಿಚಾರಿಸುವುದು, ದೊಡ್ಡ ಆರ್ಡರುಗಳಿಗೆ ಮುಂಗಡ ಕೇಳುವುದು, ಇವು ಖರ್ಚಿಲ್ಲದ ದಾರಿಗಳು. ಓವರ್‌ಡ್ರಾಫ್ಟನ್ನು ವಸೂಲಿಯಿಂದ ತುಂಬಿಬರುವ ಅಲ್ಪಾವಧಿಯ ಕೊರತೆಗಷ್ಟೇ ಬಳಸಿ. ಯಂತ್ರ ಕೊಳ್ಳುವುದಿದ್ದರೆ ಅದಕ್ಕೆ ಅವಧಿ ಸಾಲವನ್ನೇ (ನಿಗದಿತ ಅವಧಿಯಲ್ಲಿ ಕಂತುಗಳಲ್ಲಿ ತೀರಿಸುವ ಸಾಲ) ಪಡೆಯಿರಿ.